ಹಲ್ಲು ಕಚ್ಚಿದರೆ ನಗು

ಮಾರ್ಚ್ 3

ಯೂನಿಫಾರ್ಮ್ ಎಲ್ಲ ಹೊಲಿದಾಯಿತು. ಕಾಜಾ ಬಾಕಿ. ಮಧ್ಯಾಹ್ನ ನನ್ನ ಮಗಳು ಗುಂಡಿ ತಾನೇ ಬರೆದ ಚಿತ್ರ ತಂದು ತೋರಿಸಿದಳು. ಐದು ವರ್ಷಕ್ಕೆ ಎಂಥ ಕೈ! ಖುಷಿಯಾಗಿ ನಕ್ಕೆ... ನಕ್ಕೆ ಅಂತ ನಾನು ಅಂದುಕೊಂಡೆ.

"ಅಮ್ಮಾ, ಕೋಪ ಬಂತಾ?" ಅಂದಳು.

ನಾನು ಚಿಕ್ಕವಳಿದ್ದಾಗ ಕಿವಿಗೆ ಸೋಂಕಾಗಿ ಎಡಗೆನ್ನೆಯ ನರ ಸತ್ತಿತು. ಅಂದಿನಿಂದ ನಕ್ಕರೆ ಬಾಯಿ ಬಲಕ್ಕೆ ಸೊಟ್ಟ. ಹೆತ್ತ ಮಗಳಿಗೂ ಅದು ಕೋಪದ ಹಾಗೇ ಕಾಣುತ್ತೆ.

ಮಾರ್ಚ್ 11

ಆಪರೇಷನ್ ಮಾಡೋಕೆ ಡಾಕ್ಟರ್ ಒಪ್ಪಿದರು! ಕೆನ್ನೆಯ ಸ್ನಾಯು ಒಣಗಿ ಹೋಗಿದೆ, ಅದಕ್ಕೆ ಇನ್ನು ಜೀವ ಬರೊಲ್ಲ. ತೊಡೆಯಿಂದ ಒಂದು ಪಟ್ಟಿ ಸ್ನಾಯು ತೆಗೆದು ಕೆನ್ನೆಗೆ ಹೊಲಿದು, ಅಗಿಯುವ ನರಕ್ಕೆ ಜೋಡಿಸುತ್ತಾರಂತೆ. ಆಮೇಲೆ ಹಲ್ಲು ಕಚ್ಚಿದರೆ ನಗು. ಗ್ಯಾರಂಟಿ ಕೊಡಲಿಲ್ಲ. ಪರವಾಗಿಲ್ಲ. ಅಂಗಿಯ ಅಂಚಿನ ಮಡಿಕೆ ಬಿಚ್ಚಿ ಆ ಬಟ್ಟೆ ಕಾಲರಿಗೆ ಹಾಕೋದು ನನಗೇನು ಹೊಸದಾ?

ಅಕ್ಕ — ಅಂಗಡಿಯಲ್ಲಿ ಪಕ್ಕದ ಮೆಷಿನ್ ಅವಳದು — ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇನ್ಮೇಲೆ ತೊಡೆ ತಟ್ಟಿ ಜಗಳಕ್ಕೆ ನಿಲ್ಲೋದಾದ್ರೆ ನೀನು ಕೆನ್ನೆ ತಟ್ಕೋಬೇಕು."

ಏಪ್ರಿಲ್ 9, ಆಸ್ಪತ್ರೆ

ಆಯಿತು. ಮುಖ ಕುಂಬಳಕಾಯಿ. ನಡೆದರೆ ಕುಂಟು. ಕನ್ನಡಿ ಹಿಡಿದು ಹೊಲಿಗೆ ನೋಡುತ್ತಿದ್ದೆ, ನರ್ಸ್ ಗದರಿದರು. ಫಿನಿಶಿಂಗ್ ನೋಡಿದೆ ಅಷ್ಟೇ. ಚೆನ್ನಾಗಿದೆ.

ಜೂನ್ 20

ಕನ್ನಡಿ ಮುಂದೆ — ಕಚ್ಚು, ಬಿಡು, ಕಚ್ಚು. ಏನೂ ಇಲ್ಲ. ನರ ಬೆಳೆಯಬೇಕು, ಅವಸರ ಬೇಡ ಅಂತಾರೆ ಫಿಸಿಯೋ ಮೇಡಂ. ಇಷ್ಟು ವರ್ಷ ಹಲ್ಲು ಕಚ್ಚಿಕೊಂಡೇ ಬದುಕಿದವಳು, ನನಗೆ ಇದೊಂದು ಹೇಳಿಕೊಡಬೇಕಾ... ಆದರೂ ಭಯ. ಬರದೇ ಹೋದರೆ? ಇವತ್ತೂ ಗುಂಡಿ ಕೇಳಿದಳು, ಕೋಪ ಬಂತಾ ಅಂತ.

ಆಗಸ್ಟ್ 2, ಸಂಜೆ

ಇದನ್ನು ಬರೆಯಲೇಬೇಕು.

ಗಿರಾಕಿ ವಕೀಲರೊಬ್ಬರ ಕರಿ ಕೋಟು. ಇಸ್ತ್ರಿ ಮಾಡಿ ನೇತುಹಾಕಿದ್ದೆ. ತಿರುಗಿ ನೋಡಿದರೆ ಗುಂಡಿ ಅದನ್ನು ನೆಲಕ್ಕೆಳೆದುಕೊಂಡು ತೋಳಿಗೆ ಕತ್ತರಿ ಹಾಕಿದ್ದಾಳೆ. ಬೊಂಬೆಗೆ ಫ್ರಾಕ್ ಬೇಕಂತೆ. ಸಿಟ್ಟು ನೆತ್ತಿಗೇರಿತು. ಕಟಕಟ ಹಲ್ಲು ಕಡಿದೆ. ಅಳೋದಕ್ಕೆ ಬಾಯಿ ತೆರೆದವಳು ನನ್ನ ಮುಖ ನೋಡಿ ಹಾಗೇ ನಿಂತಳು.

"ಅಮ್ಮಾ, ಯಾಕೆ ನಗ್ತಿದ್ದೀಯ?"

ಅಕ್ಕನ ಮೆಷಿನ್ ನಿಂತಿತು. ಟ್ರಯಲ್ ರೂಮಿನ ಕನ್ನಡಿಗೆ ಓಡಿದೆ. ಕಚ್ಚಿದೆ. ಎಡತುಟಿಯ ತುದಿ — ಒಂದೇ ಒಂದು ನೂಲಿನಷ್ಟು — ಎದ್ದಿತು. ಬಿಟ್ಟೆ, ಇಳಿಯಿತು. ಕಚ್ಚಿದೆ, ಎದ್ದಿತು! ಅಕ್ಕ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ನನಗಂತೂ ಖುಷಿಗೆ ಕಾಲು ನೆಲಕ್ಕೆ ತಾಗುತ್ತಿಲ್ಲ. ಕೋಟಿನ ಪಾಡು ನಾಳೆ. ವಕೀಲರು ಬೈದರೆ ಬೈಯಲಿ, ಅವರಿಗೂ ಒಂದು ಸಲ ಕಚ್ಚಿ ತೋರಿಸಿದರಾಯಿತು.

ಗುಂಡಿ ಮಾತ್ರ ಬಾಗಿಲಲ್ಲೇ ನಿಂತಿದ್ದಾಳೆ. ಇನ್ನೊಂದು ತೋಳೂ ಕತ್ತರಿಸಿದರೆ ಅಮ್ಮ ಮತ್ತೆ ನಗ್ತಾಳಾ ಅಂತ ದೊಡ್ಡಮ್ಮನ್ನ ಕೇಳ್ತಾ... ಅಯ್ಯೋ, ಕತ್ತರಿ—