ಹತ್ತು ದಿನದ ತರಬೇತಿ

ಚಿಕ್ಕಯ್ಯನಛತ್ರ
೨೨-೭-೧೯೮೪

ಚಿ. ಸೌ. ಸರ್ವಮಂಗಳಾಗೆ ನಿನ್ನ ಅತ್ತೆ ರುದ್ರಮ್ಮ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಬರೀ ಬಾಯಿಮಾತಾದೀತು. ನೀನು ಬನ್ನೂರಿನ ತವರಿಗೆ ಹೋಗಿ ಎರಡು ತಿಂಗಳಾಯಿತು. ಕಾಗದ ತಡವಾದದ್ದಕ್ಕೆ ಬೇಸಾಯದ ನೆಪ ಹೇಳಬಹುದು. ನಿಜವಾಗಿ ಧೈರ್ಯ ಬರಲಿಲ್ಲ.

ನಾಲೆಗೆ ನೀರು ಬಿಟ್ಟಿದ್ದಾರೆ, ಭತ್ತದ ಸಸಿಗೆ ಒಟ್ಲು ಹಾಕಿದ್ದಾಯಿತು. ಮೈಸೂರಿನಲ್ಲಿ ರೈತ ಹೆಂಗಸರ ಹತ್ತು ದಿನದ ತರಬೇತಿ ಮುಗಿಸಿ ಬಂದ ಪಕ್ಕದ ಮನೆ ಮಲ್ಲಾಜಮ್ಮ ಈಗ ಬೀದಿಗೆಲ್ಲ ಮೇಡಂ ಆಗಿದ್ದಾಳೆ. ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ, ತೇಲಿದ ಜೊಳ್ಳು ತೆಗೆದು ತೋರಿಸಿದಳು. "ಉಪ್ಪು ಸಾಕಾಯ್ತಾ ಅಂತ ನೋಡಾಕೆ ಮೊಟ್ಟೆ ತೇಲುಸ್ಬೇಕಂತೆ ಕಣಕ್ಕ. ನಮ್ ಮನೇಲಿ ಮೊಟ್ಟೆ ಎಲ್ ಬತ್ತದೆ, ಆಲೂಗೆಡ್ಡೆ ಆಕ್ದೆ" ಎಂದು ನಕ್ಕಳು. ನಾನೂ ನಕ್ಕೆ. ಮೂರನೇ ಕ್ಲಾಸಿನವರೆಗೆ ಓದಿದ ಅವಳು ಹೋಗಿ ಬಂದಳು, ಎಸ್ಸೆಸ್ಸೆಲ್ಸಿ ಓದಿದ ನಮ್ಮ ಸೊಸೆಯ ಹೆಸರೇ ಪಟ್ಟಿಯಲ್ಲಿರಲಿಲ್ಲ ಎಂದು ಒಳಗೊಳಗೇ ಚುಚ್ಚುತ್ತಿತ್ತು.

ಹೆಸರು ತಪ್ಪಿಸಿದವನು ನಿನ್ನ ಗಂಡನೇ ಎಂದು ನೀನು ತಿಳಿದೆ. "ನಾನೇನೂ ಏಳ್ನಿಲ್ಲ ಕಣಮ್ಮಿ" ಎಂದು ಶಿವಸ್ವಾಮಿ ಎಷ್ಟು ಸಲ ಹೇಳಿದ. ಮಾತಿಗೆ ಮಾತು ಬೆಳೆದು ನೀನು ಬಟ್ಟೆ ಗಂಟು ಕಟ್ಟಿ ಹೊರಟೆ. ನಾನು ಒಲೆ ಮುಂದೆ ಕೂತು ಬೆಂಕಿ ಊದುತ್ತಿದ್ದೆ. ಅವನದು ತಪ್ಪಿಲ್ಲ. ಕೃಷಿ ಇಲಾಖೆಯ ಮೇಡಂ ತರಬೇತಿಯ ಫಾರಂ ತುಂಬಲು ಬಂದ ದಿನ ನೀನು ಗದ್ದೆಯಲ್ಲಿದ್ದೆ, ಅವನು ನಂಜನಗೂಡಿಗೆ ಹೋಗಿದ್ದ. "ನಿಮ್ಮ ಸೊಸೆ ಓದಿದ್ದಾರಾ? ಓದು ಬರಹ ಬರಲೇಬೇಕು" ಎಂದು ಕೇಳಿದರು. "ಇಲ್ಲ ಕಣ್ರವ್ವ, ಅವ್ಳು ಎಬ್ಬೆಟ್ಟು" ಎಂದವಳು ನಾನು.

ನಿನ್ನೆ ಅವನಿಗೂ ಹೇಳಿದೆ. ಉಣ್ಣದೆ ಎದ್ದು ಹೋದ. ಬರುವ ಭಾನುವಾರ ಬನ್ನೂರಿಗೆ ಬರುತ್ತಾನೆ. ನೀನು ಮರಳಿ ಬರುವುದು ಬಿಡುವುದು ನಿನ್ನಿಷ್ಟ, ಅವನ ಹತ್ತಿರ ಮಾತ್ರ ಮಾತಾಡು. ನಂಜುಂಡೇಶ್ವರ ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ರುದ್ರಮ್ಮ

ಮತ್ತೊಂದು ಮಾತು: ಯಾಕೆ ಹಾಗಂದೆ ಎಂದು ಶಿವಸ್ವಾಮಿ ಕೇಳಿದ. ಅದನ್ನು ನಿನಗೇ ಹೇಳುತ್ತೇನೆ. ಮೇಡಂ ಮೊದಲು ಬರೆದುಕೊಂಡದ್ದು ನನ್ನ ಹೆಸರು. ಎಷ್ಟು ಖುಷಿಯಾಯಿತೋ. ವಯಸ್ಸು ಕೇಳಿದರು, ನಲವತ್ತೆಂಟು ಎಂದೆ. "ನಲವತ್ತು ದಾಟಿದವರಿಗೆ ಇಲ್ಲಮ್ಮ" ಎಂದು ಗೀಟು ಹೊಡೆದು, ನಿನ್ನ ವಿಷಯ ಎತ್ತಿದರು. ಮೂವತ್ತು ವರ್ಷ ಈ ಮನೆಯ ಬಿತ್ತನೆ ಆರಿಸಿದವಳು ನಾನು. ಅದನ್ನು ಅವರು ಕೇಳಲೇ ಇಲ್ಲ. ನನಗೆ ಸಿಗದ್ದು ನಿನಗೂ ಸಿಗಬಾರದು ಅನ್ನಿಸಿತು, ಮಗಳೇ.