ಎದುರು ನಿಂತು ಕಲಿಸಿದ ಗಂಟು

ತಿರುವನಂತಪುರ
೧೪-೯-೧೯೫೮, ಭಾನುವಾರ

ಮಟ್ಟಾಂಚೇರಿಯ ದಾಕ್ಷಾಯಣಿ ಅಕ್ಕನಿಗೆ ಸೌದಾಮಿನಿಯ ನಮಸ್ಕಾರ.

ನಾನು ಕ್ಷೇಮ. ಆಸ್ಪತ್ರೆಯಲ್ಲಿ ಆಪರೇಷನ್ನಿನ ಕೈಗವಸು ತೊಳೆದು ಪುಡಿ ಹಾಕುವ ಕೆಲಸ ಹಾಗೆಯೇ ಇದೆ. ಈ ವಾರ ಅದರ ಜೊತೆ ಇನ್ನೊಂದು ಬಂತು.

ಶಸ್ತ್ರಚಿಕಿತ್ಸೆ ಕಲಿಯುತ್ತಿರುವ ಉಪೇಂದ್ರ ಡಾಕ್ಟರು ನಮ್ಮ ಕಾಸರಗೋಡಿನವರೇ. ಹೊಲಿಗೆಯ ಗಂಟು ಹಾಕುವುದನ್ನು ವಿದ್ಯಾರ್ಥಿಗಳಿಗೆ ಅವರು ಕಲಿಸಬೇಕು. ಕೈ ಬಹಳ ಚುರುಕು. ಆದರೆ ಒಮ್ಮೆ ತೋರಿಸಿ, ಬಾರದವರನ್ನು ಗದರುತ್ತಾರೆ. ಮೋಹಿನಿ ಎಂಬ ವಿದ್ಯಾರ್ಥಿನಿ ಅಳುತ್ತ ಎದ್ದುಹೋದವಳು ತರಗತಿಗೆ ಮತ್ತೆ ಬರಲಿಲ್ಲ. ದೊಡ್ಡ ಡಾಕ್ಟರಿಗೆ ಸಿಟ್ಟು ಬಂತು. ಕೈಗವಸು ಕೊಡಲು ಬಂದಿದ್ದ ನನ್ನ ಕಡೆ ಕೈ ತೋರಿಸಿ, ಉಪೇಂದ್ರ ಡಾಕ್ಟರಿಗೆ, ಶನಿವಾರದೊಳಗೆ ಇವಳಿಗೆ ಕಲಿಸಿ, ಆಗದಿದ್ದರೆ ತರಗತಿ ಬೇರೆಯವರಿಗೆ ಎಂದುಬಿಟ್ಟರು.

ಸೋಮವಾರ ಉಪೇಂದ್ರ ಡಾಕ್ಟರು ಮೇಜಿನ ಆಚೆ ನಿಂತು ಸರಸರ ಕಟ್ಟಿದರು. "ಕಂಡಿತಲ್ಲ? ಇಷ್ಟೇ." ನನ್ನ ದಾರ ಸಿಕ್ಕಾಯಿತು. "ಎಂತ ಮಾರಾಯ್ತಿ, ಇದು ಕೈಯಾ ಕೊರಡಾ?" ಮಂಗಳವಾರ, ಬುಧವಾರವೂ ಅದೇ. "ಮೋಳೇ, ನಮಗೆ ಯಾವಾಗ ಕಲಿಸ್ತೀ?" ಎಂದು, ಎಲ್ಲರನ್ನೂ ಮಗಳೇ ಎಂದೇ ಕರೆಯುವ ಮಲಯಾಳಿ ನರ್ಸಮ್ಮ ಬೇರೆ ಚುಡಾಯಿಸಿದರು.

ಗುರುವಾರ ಡಾಕ್ಟರ ಸ್ವರ ಇಳಿದಿತ್ತು. "ನಿನಗೆ ಎಲ್ಲಿ ತಪ್ಪುತ್ತದೆ ಹೇಳು. ಬೈಯುವುದಿಲ್ಲ" ಎಂದರು. ಶಾಲೆಯಲ್ಲಿ ಮೇಷ್ಟ್ರು ಕೇಳಿದರೂ ಬಾಯಿ ಬಿಡದವಳು ನಾನು. ಹೇಗೋ ಹೇಳಿದೆ: "ನೀವು ಎದುರು ನಿಂತರೆ ನಿಮ್ಮ ಬಲಗೈ ನನಗೆ ಎಡಕ್ಕೆ ಕಾಣ್ತದೆ." ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. ಮೇಜು ಸುತ್ತಿ ಬಂದು ನನ್ನ ಪಕ್ಕ ನಿಂತರು. ತೆಳು ದಾರ ಬಿಟ್ಟು ದಪ್ಪ ಹುರಿ ತಂದು, ಒಂದು ತುದಿಗೆ ಕೆಂಪು ಔಷಧ ಬಳಿದು, ಒಂದೊಂದು ಸುತ್ತನ್ನೂ ಬಾಯಲ್ಲಿ ಹೇಳುತ್ತ ನಿಧಾನಕ್ಕೆ ಕಟ್ಟಿದರು. ನನ್ನಿಂದಲೂ ಹೇಳಿಸಿದರು.

ನಿನ್ನೆ ದೊಡ್ಡ ಡಾಕ್ಟರ ಮುಂದೆ ಕಟ್ಟಿದೆ. ಅವರು ಎಳೆದು ನೋಡಿದರು, ಜಾರಲಿಲ್ಲ. ತರಗತಿ ಉಪೇಂದ್ರ ಡಾಕ್ಟರಿಗೇ ಉಳಿಯಿತು. ಹೊರಗೆ ಬಂದವರೇ, ಮೋಹಿನಿಯ ಹಾಸ್ಟೆಲಿಗೆ ಹೋಗಿ ಸೋಮವಾರ ತರಗತಿಗೆ ಬರಲು ಹೇಳು, ಅವಳ ಪಕ್ಕದಲ್ಲೇ ನಿಂತು ಕಲಿಸುತ್ತೇನೆ ಎಂದು ನನ್ನನ್ನು ಕಳುಹಿಸಿದರು. ಬರುತ್ತೇನೆ ಎಂದಿದ್ದಾಳೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಸೌದಾಮಿನಿ

ಮೇಲೆ ಬರೆಯದೆ ಬಿಟ್ಟದ್ದು: ಗಂಟು ನನಗೆ ಮಂಗಳವಾರ ಸಂಜೆಯೇ ಬಂದಿತ್ತು. ಕಿಟಕಿಯ ಸರಳಿಗೆ ಕಟ್ಟಿ ಕಟ್ಟಿ ಕಲಿತಿದ್ದೆ. ಬುಧವಾರ ತೋರಿಸಿದ್ದರೆ ಅವರು ಇದ್ದ ಹಾಗೆಯೇ ತರಗತಿಗೆ ಹೋಗುತ್ತಿದ್ದರು. ಅದಕ್ಕೇ ಬೇಕೆಂದೇ ತಪ್ಪು ಕಟ್ಟಿದೆ. ಮೋಹಿನಿ ಅಂದು ಕೂತು ಅತ್ತದ್ದು ನನ್ನ ಕೈಗವಸಿನ ಕೋಣೆಯಲ್ಲಿ, ಅಕ್ಕಾ.