ಬೆನ್ನ ಮೇಲಿನ ವೈಸನ್

ಕರೊಂಗಾ, ಭಾನುವಾರ

ಅಜ್ಜಿಗೆ ತಡಾಲಳ ನಮಸ್ಕಾರ.

ನಿನ್ನೆ ನಮ್ಮ ತಂಡಕ್ಕೆ ವೈಸನ್ ಗೋಲು ಹೊಡೆದ ಎಂದು ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿರುತ್ತೀರಿ. ಆ ವೈಸನ್ ನಾನೇ. ಹೆಂಗಸರ ಫುಟ್‌ಬಾಲ್ ಲೀಗ್ ಈ ವರ್ಷ ಇಡೀ ದೇಶದ್ದಾಯಿತು, ಅಂಗಿಗಳು ಮಾತ್ರ ಇನ್ನೂ ಗಂಡಸರ ತಂಡ ಹಾಕಿ ಬಿಟ್ಟವು. ನನ್ನ ಪಾಲಿಗೆ ಬಂದದ್ದು ವೈಸನ್ ಎಂಬವನದು, ಬೆನ್ನ ಮೇಲೆ ಅವನ ಹೆಸರೇ ಇದೆ. ಆ ಪುಣ್ಯಾತ್ಮ ಅದನ್ನು ತೊಟ್ಟು ಬೆಂಚಿನಿಂದ ಎದ್ದವನೇ ಅಲ್ಲವಂತೆ.

ವಿರಾಮದಲ್ಲಿ ಇದು ಕಿವಿಗೆ ಬಿದ್ದು, ಆಟದ ವರ್ಣನೆ ಮಾಡುತ್ತಿದ್ದ ರೇಡಿಯೋದವರ ಬಳಿ ಹೋಗಿ, "ಅಣ್ಣಾ, ಆ ಗೋಲು ನಂದು. ನನ್ನ ಹೆಸರು ತಡಾಲ" ಎಂದೆ.

"ಬೆನ್ನ ಮೇಲೆ ಇರೋದನ್ನ ಓದ್ತೀನಮ್ಮ. ನಿಮ್ಮ ಹೆಸರೆಲ್ಲ ಯಾರು ಬಾಯಿಪಾಠ ಮಾಡ್ತಾರೆ?" ಎಂದರು.

ಅಂಗಿಯನ್ನು ಒಳಹೊರಗು ಮಾಡಿ ತೊಟ್ಟುಕೊಂಡೆ. ರೆಫರಿಯಮ್ಮ ಕಂಡೂ ಕಾಣದಂತಿದ್ದರು. ಆಟ ಮುಗಿಯುವ ಹೊತ್ತಿಗೆ ಇನ್ನೊಂದು ಗೋಲು ಹೊಡೆದೆ. ಓದಲು ಏನೂ ಸಿಗದೆ ಆ ಮಹಾಶಯರು ಮೈಕು ಹಿಡಿದು ಗೆರೆಯವರೆಗೆ ಓಡಿ ಬಂದು, "ಏ ತಂಗಿ, ಬೇಗ ಹೇಳೇ, ಯಾರು ನೀನು?" ಎಂದು ಕೂಗಿದರು. ನನ್ನ ಹೆಸರು, ನಿಮ್ಮ ಹೆಸರು, ನಮ್ಮೂರ ಹೆಸರು ಎಲ್ಲ ಹೇಳಿದೆ.

ಗೆದ್ದೆವು. ಮೊಣಕಾಲು ಸ್ವಲ್ಪ ಊದಿದೆ. ಊಟಕ್ಕೆ ಮೆಕ್ಕೆಜೋಳದ ಮುದ್ದೆ ಎನ್ಸಿಮಾ, ಸರೋವರದ ಮೀನು ಧಾರಾಳ. ಬಸ್ಸು ಹಾರ್ನ್ ಹೊಡೆಯುತ್ತಿದೆ, ಒಂದೇ ಮಾತು ಕೇಳುತ್ತೇನೆ: ನಾನು ಹೆಸರು ಹೇಳಿದ ಹೊತ್ತಿಗೆ ನಿಮ್ಮಲ್ಲಿ ಕರೆಂಟ್ ಇತ್ತೇ?

ನಿಮ್ಮ ತಡಾಲ